ಜನವರಿ ಒಂದರ ನೂಕುನುಗ್ಗಲು

ಗದಗ
ಇಸವಿ 2219, ತಿಂಗಳು ??, ದಿನ ??

ಚದುರಂಗದ ಆಟಗಳ ಕಡತ ಓದುವ ಸಾಫ್ಟ್‌ವೇರ್ ಲೈಬ್ರರಿಗೆ ತಾರೀಖಿನ ಭಾಗದ ಕೋಡ್ ಬರೆಯುತ್ತಿರುವ ಅಕ್ಕನಿಗೆ, ಅಥವಾ ಅಣ್ಣನಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಈ ಕಾಗದಕ್ಕೆ ಕೂತು, ಎದ್ದು, ಮತ್ತೆ ಕೂತು ಬಹಳ ಕಾಲವಾಯಿತು. ಯಾವತ್ತು ಮುಗಿಯುತ್ತದೋ ಗೊತ್ತಿಲ್ಲ, ಹಾಗಾಗಿ ಗೊತ್ತಿಲ್ಲ ಎಂದೇ ಹಾಕಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತವಳು ನಾನು; ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಿ. ಏಳನೆಯ ತರಗತಿಯ ನಡುವೆ ಶಾಲೆ ಬಿಟ್ಟವಳೆಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಒಂದೇ ಕಡೆ ಕೂರಲು ಆಗುತ್ತಿರಲಿಲ್ಲ, ಬೇರೆ ಕಾರಣವೇನೂ ಇಲ್ಲ. ಹೆಸರು ನೀಲವ್ವ.

ನಮ್ಮೂರು ಈಗ ಗಾಳಿಯಿಂದ ನಡೆಯುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗತೊಡಗಿದರೆ ಗಾಳಿಗಂಟೆ ಬಾರಿಸುತ್ತದೆ, ಅಂಗಡಿಗಳು ಬಾಗಿಲು ತೆಗೆಯುತ್ತವೆ. ಗಾಳಿ ನಿಂತರೆ ಜನ ಹರಟೆಗೆ ಕೂರುತ್ತಾರೆ. ಬೀದಿಗಳಿಗೆಲ್ಲ ಮೇಲೆ ನೆರಳಿನ ಬಟ್ಟೆ ಕಟ್ಟಿದೆ. ಮಿರ್ಚಿಭಜಿಯನ್ನು ಬಿಸಿಲುಬಾಣಲೆಯಲ್ಲಿ ಕರಿಯುತ್ತಾರೆ. ಅದು ಮಾಳಿಗೆಯ ಮೇಲೆ ಕನ್ನಡಿಗಳ ನಡುವೆ ಇಟ್ಟ ಬಾಣಲೆ, ಬೆಂಕಿ ಬೇಡ. ಮೋಡ ಬಂದರೆ ಭಜಿ ಮೆತ್ತಗಾಗುತ್ತದೆ, ಗಿರಾಕಿಗಳು ಆಕಾಶಕ್ಕೆ ಬೈಯುತ್ತಾರೆ.

ನಿಮ್ಮಲ್ಲಿ ಇಲ್ಲದ ಒಂದು ಪದ್ಧತಿ ನಮ್ಮಲ್ಲಿದೆ, ಆಟದಿನ ಎನ್ನುತ್ತೇವೆ. ಮನೆತನದ ಹಿರಿಯರೊಬ್ಬರು ಆಡಿದ ಒಳ್ಳೆಯ ಚದುರಂಗದಾಟವನ್ನು, ಅವರು ಅದನ್ನು ಆಡಿದ ತಾರೀಖಿಗೇ, ವರ್ಷಕ್ಕೊಮ್ಮೆ ಆಟದಮನೆಯಲ್ಲಿ ಮತ್ತೆ ಆಡಿ ತೋರಿಸುವುದು. ನಡೆಗಳನ್ನು ಕಡತ ನೋಡಿ ಇಡಬೇಕು. ಅಜ್ಜ ಕುದುರೆಯನ್ನು ಸುಮ್ಮನೆ ಕಳೆದುಕೊಂಡಿದ್ದರೆ ನಾವೂ ಕಳೆದುಕೊಳ್ಳಬೇಕು, ತಿದ್ದುವಂತಿಲ್ಲ. ಆಗ ಮನೆಯವರೆಲ್ಲ ಅಜ್ಜನಿಗೆ ಪ್ರೀತಿಯಿಂದ ಬೈದು ನಗುತ್ತಾರೆ, ಆಮೇಲೆ ಊಟ.

ಆದರೆ ವರ್ಷದ ಉಳಿದ ದಿನಗಳಲ್ಲಿ ಒಂದೋ ಎರಡೋ ಮನೆಯವರು ಬಂದರೆ, ಜನವರಿ ಒಂದಕ್ಕೆ ಅರ್ಧ ಊರೇ ಬರುತ್ತಿತ್ತು. ಮೆಟ್ಟಿಲ ಮೇಲೆ ಹಲಗೆ, ಕಿಟಕಿಯಲ್ಲಿ ಹಲಗೆ. ಒಬ್ಬರ ಆನೆ ಇನ್ನೊಬ್ಬರ ಪಾಯಸದಲ್ಲಿ. ನಮ್ಮ ಹಿರಿಯರಿಗೆ ಹೊಸ ವರ್ಷದ ದಿನ ಚದುರಂಗದ ಹುಚ್ಚು ಹಿಡಿಯುತ್ತಿತ್ತೆಂದು ಎಲ್ಲರೂ ನಂಬಿದ್ದರು. ಅದರ ಮೇಲೆ ಒಂದು ಹಾಡೂ ಇತ್ತು.

ಆಟದಮನೆ ನೋಡಿಕೊಳ್ಳುವವರು ದ್ಯಾಮಣ್ಣ, ಅವರ ಕೈಕೆಳಗೆ ಕಡತಗಳನ್ನು ಜೋಪಾನ ಮಾಡುವವಳು ನಾನು. ಹೋದ ಡಿಸೆಂಬರಿನಲ್ಲಿ ಅಟ್ಟದ ಹಳೆಯ ಯಂತ್ರವೊಂದು ಜೀವ ಹಿಡಿಯಿತು. ಅದರಲ್ಲಿ ನಮ್ಮ ಕಡತಗಳ ಮೂಲ ಪ್ರತಿಗಳಿದ್ದವು. ಬಾಳವ್ವ ಕಾಕುವಿನ ಮನೆತನದ ಆಟವನ್ನು ಮೊದಲು ತೆಗೆದೆ, ಏಕೆಂದರೆ ಮುಂದಿನ ಜನವರಿ ಒಂದಕ್ಕೆ ಆಟದಮನೆಯ ನಡುಹಲಗೆ, ಎಲ್ಲರೂ ಬಯಸುವ ನಟ್ಟನಡುವಿನ ಜಾಗ, ಚೀಟಿ ಎತ್ತಿದಾಗ ಅವರಿಗೆ ಬಂದಿತ್ತು. ಸಣ್ಣವರಿದ್ದಾಗಿನಿಂದ ಮೆಟ್ಟಿಲ ಮೇಲೆಯೇ ಕೂತು ಆಡಿಸಿದ ಬಾಳವ್ವ ಕಾಕು, ಈಗ ತಮ್ಮ ಭಜಿ ಅಂಗಡಿಗೆ ಬಂದವರಿಗೆಲ್ಲ ಆ ಸುದ್ದಿಯನ್ನೇ ಬಡಿಸುತ್ತಿದ್ದರು. ಅವರ ಹಿರಿಯಳು ಕಾಶವ್ವ, ನಿಮ್ಮ ಕಾಲದವಳು. ಮಂತ್ರಿಯನ್ನು ಬಿಟ್ಟುಕೊಟ್ಟು, ಒಂದು ಪದಾತಿಯಿಂದ ಗೆದ್ದವಳು.

ಮೂಲ ಪ್ರತಿಯಲ್ಲಿ ಇಸವಿ ಇತ್ತು. ತಿಂಗಳು ಮತ್ತು ದಿನದ ಜಾಗದಲ್ಲಿ ಪ್ರಶ್ನೆಚಿಹ್ನೆಗಳಿದ್ದವು.

ನಾವು ಬಳಸುವ ಪ್ರತಿಯಲ್ಲಿ ಅಲ್ಲಿ ಒಂದು, ಒಂದು ಎಂದಿದೆ, ಅಂದರೆ ಜನವರಿ ಒಂದು. ಹೀಗೇಕೆ ಎಂದು ಹುಡುಕುತ್ತಾ ಹೋಗಿ ನಿಮ್ಮ ಲೈಬ್ರರಿ ತಲುಪಿದೆ. ಎಷ್ಟೋ ಪ್ರೋಗ್ರಾಮುಗಳು ತಮ್ಮ ಕಡತಗಳನ್ನು ಅದರ ಕೈಯಲ್ಲೇ ಓದಿಸಿ ಬರೆಸಿವೆ. ತಾರೀಖು ಗೊತ್ತಿಲ್ಲದ ಕಡೆ ಅದು ಒಂದು ಹಾಕುತ್ತದೆ. ಹಾಗೆ ಹಾಕಿಸುವ ಸಾಲಿನ ಪಕ್ಕ ನೀವು ಬರೆದುಕೊಂಡಿದ್ದೀರಿ: ‘ಸದ್ಯಕ್ಕೆ 1 ಇರಲಿ. ನಾಳೆ ಸರಿಮಾಡುತ್ತೇನೆ.’

ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಬಾಳವ್ವ ಕಾಕುವಿನ ನೆನಪಾಯಿತು. ತಾರೀಖಿಲ್ಲದ ಆಟಕ್ಕೆ ಆಟದಮನೆಯಲ್ಲಿ ಜಾಗವಿಲ್ಲ, ಅದು ನಿಯಮ.

“ನೂರಾರು ವರ್ಷ ನಡದದ್ದು ನಡೀಲಿ ಬಿಡಬೇ,” ಎಂದರು ದ್ಯಾಮಣ್ಣ. “ನಿನಗ್ಯಾರ ಕೇಳ್ಯಾರ? ಜನವರಿ ದಾಟಿದ ಮ್ಯಾಲ ಹೇಳಿದ್ರಾತು.”

“ಗೊತ್ತಿದ್ದೂ ಆಕಿ ಮುಂದ ಕುಂತು ಹೆಂಗ ಭಜಿ ತಿನ್ನಲಿ?” ಎಂದೆ.

“ತಿನಬ್ಯಾಡ. ನಿನ್ನ ಪಾಲಿಂದು ನನಗ ಕೊಡು.”

ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೋಗಿ ಹೇಳಿದೆ. ಬಾಳವ್ವ ಕಾಕು ಭಜಿ ಎತ್ತುವ ಝಾರಿಯನ್ನು ಬಾಣಲೆಯಲ್ಲೇ ಬಿಟ್ಟರು.

“ಸಾಲಿ ಬಿಟ್ಟಾಕಿ, ಈಗ ನಮ್ಮ ಕಾಶವ್ವನ ದಿನಾನೂ ಬಿಡಸಾಕ ಬಂದೀಯೇನ?”

“ನಾ ಬಿಡಸವಲ್ಲೆ ಕಾಕು. ಗೊತ್ತಿಲ್ಲ ಅಂತ ಬರದೈತಿ. ಒಂದನೇ ತಾರೀಖು ಅಂತ ಬರದಿಲ್ಲ.”

“ನಡುಹಲಗಿ ಹೋತು ಅನ್ನು.”

“ಹೋತು.”

ಎರಡು ಭಜಿ ಕರಕಲಾದವು. ನಾನು ಎದ್ದು ಹೋಗಬೇಕೆಂದಿದ್ದೆ. ಆಗ ಕಾಕು ಕೇಳಿದರು: “ಇಂಥಾ ದಿನ ಅಲ್ಲ ಅಂತಾನೂ ಬರದಿಲ್ಲಲ್ಲ?”

“ಇಲ್ಲ.”

“ಅಂದ್ರ ಇವತ್ತ ಆಡಿರಬಹುದು?”

“ಇರಬಹುದು.”

“ನಾಳೆ?”

“ಅದೂ ಇರಬಹುದು ಕಾಕು.”

“ಹಂಗಾರ ಸುಮ್ನ ಯಾಕ ಕುಂತಿ? ಹಲಗಿ ತಗೊಂಡು ಬಾ. ದಿನಾ ಒಂದು ನಡಿ ಇಡೂಣು. ಆಕಿ ದಿನ ಯಾವುದರ ಇರಲಿ, ನಮ್ಮ ಕೈಯಾಗ ಸಿಗದ ಎಲ್ಲಿ ಹೋಗತೈತಿ?”

ಅಂದಿನಿಂದ ಭಜಿ ಅಂಗಡಿಯ ಮುಂದೆ ಹಲಗೆ ಇದೆ. ಗಾಳಿಗಂಟೆ ಬಾರಿಸಿದ ಕೂಡಲೇ ಆ ದಿನದ ನಡೆ. ಆಟ ಮುಗಿದರೆ ಮರುದಿನ ಮೊದಲಿನಿಂದ. ಕೆಲಸಕ್ಕೆ ಹೋಗುವವರು ನಿಂತು ನೋಡುತ್ತಾರೆ, ಮುಂದಿನ ನಡೆ ಏನೆಂದು ಜಗಳವಾಡುತ್ತಾರೆ, ಜಗಳವಾಡಿದ ಮೇಲೆ ಹಸಿವಾಗುತ್ತದೆ. ಕಾಶವ್ವ ಮಂತ್ರಿಯನ್ನು ಬಿಟ್ಟುಕೊಡುವ ದಿನ ಬೀದಿ ತುಂಬುತ್ತದೆ. ಒಬ್ಬ ಮುದುಕ ಪ್ರತಿ ಸಲವೂ “ಬ್ಯಾಡವಾ, ಕೊಡಬ್ಯಾಡ!” ಎಂದು ಕೂಗುತ್ತಾನೆ, ಅವಳು ಗೆಲ್ಲುತ್ತಾಳೆಂದು ಅವನಿಗೆ ಗೊತ್ತು.

ಇದನ್ನು ಕಂಡು ಬೇರೆ ಮನೆಯವರೂ ತಮ್ಮ ಮೂಲ ಪ್ರತಿ ಕೇಳಿಕೊಂಡು ಬಂದರು. ಬಹುತೇಕ ಎಲ್ಲದರಲ್ಲೂ ಪ್ರಶ್ನೆಚಿಹ್ನೆಗಳು. ಈಗ ಕ್ಷೌರದಂಗಡಿ, ನೀರಿನ ಕಟ್ಟೆ, ಎಲ್ಲೆಲ್ಲೂ ಹಲಗೆ. ಜನವರಿ ಒಂದು ಬಂತು. ಆಟದಮನೆಗೆ ಒಂದೇ ಒಂದು ಮನೆಯವರು ಬಂದರು, ಅವರ ಅಜ್ಜ ನಿಜವಾಗಿಯೂ ಆ ದಿನವೇ ಆಡಿದ್ದ. ಹುಟ್ಟಿದಂದಿನಿಂದ ನೂಕುನುಗ್ಗಲನ್ನೇ ಕಂಡಿದ್ದ ಅವರು ಖಾಲಿ ಮನೆಯ ನಡುವೆ ನಿಂತು, “ಎಲ್ಲಾರೂ ಸಿಟ್ಟಾಗ್ಯಾರೇನ್ರೀ?” ಎಂದು ಕೇಳಿದರು. ದ್ಯಾಮಣ್ಣ ಆ ಮನೆಯವರನ್ನು ನಡುಹಲಗೆಯ ಮುಂದೆ ಕೂರಿಸಿ, ಪಾಯಸಕ್ಕೆ ತಾವೂ ಕೂತರು.

ಇಷ್ಟನ್ನು ಬರೆದದ್ದು ದೂರಲು ಅಲ್ಲ. ಒಂದು ಕೋರಿಕೆ ಇದೆ. ನಮ್ಮ ಅಟ್ಟದ ಯಂತ್ರ ಎದ್ದು ಕೂತದ್ದು ಅದೃಷ್ಟ. ಎಲ್ಲ ಊರಿಗೂ ಅಂಥ ಅಟ್ಟ ಇರುವುದಿಲ್ಲ. ಒಮ್ಮೆ ಅಂಕಿ ಹಾಕಿದರೆ, ಯಾವುದು ತಿಳಿದು ಬರೆದ ಒಂದು, ಯಾವುದು ತಿಳಿಯದೆ ತುಂಬಿದ ಒಂದು ಎಂದು ಆಮೇಲೆ ಯಾರಿಂದಲೂ ಹೇಳಲಾಗದು. ಕಾಶವ್ವ ಆಡಿದ ದಿನ ನಮಗೆ ಗೊತ್ತಿಲ್ಲ ಎಂಬುದೂ ಅವಳ ಬಗ್ಗೆ ನಮಗೆ ಉಳಿದಿರುವ ಒಂದು ನಿಜ. ಅದನ್ನು ಅಳಿಸಬೇಡಿ.

ನೀವು ಸರಿಮಾಡಿದರೆ ಜನವರಿ ಒಂದರ ಜಾತ್ರೆ ನಡೆದೇ ಇರುವುದಿಲ್ಲವೇನೋ, ಆ ಹಾಡೂ ಇರುವುದಿಲ್ಲವೇನೋ. ನಿಜ ಹೇಳಬೇಕೆಂದರೆ ಆ ಗದ್ದಲ ನನಗೆ ಇಷ್ಟವಿತ್ತು. ಆದರೂ ಸರಿಮಾಡಿ. ಈ ಕಾಗದ ನಿಮಗೆ ತಲುಪುವುದೇ ಇಲ್ಲ ಎನ್ನುತ್ತಾರೆ ದ್ಯಾಮಣ್ಣ. ನನಗೂ ಖಾತ್ರಿಯಿಲ್ಲ. ಆದರೆ ನೀವು ಬರೆದಿಟ್ಟ ಆ ನಾಳೆ ನಿಮಗಿನ್ನೂ ಬಂದಿಲ್ಲವಲ್ಲ! ಬೆಳಿಗ್ಗೆ ಎದ್ದು, ಚಹಾ ಕುಡಿದು, ಆ ಸಾಲನ್ನು ಒಮ್ಮೆ ತೆರೆಯಿರಿ.

ಗಾಳಿಗಂಟೆ ಬಾರಿಸಿತು. ಇವತ್ತು ಕಾಶವ್ವನ ಪದಾತಿಯ ಕೊನೆಯ ನಡೆ, ಅದನ್ನು ನಾನೇ ಇಡಬೇಕಂತೆ. ಬಾಳವ್ವ ಕಾಕು ಕೂಗುತ್ತಿದ್ದಾರೆ. ಬರಲೇ?

ನಿಮ್ಮ
ನೀಲವ್ವ