ಬಿಟ್ಟ ಗುಳಿಗೆ

12 ಜನವರಿ, ಬೆಳಿಗ್ಗೆ 8
ತಮ್ಮ ಶಂಕ್ರೆಪ್ಪನಿಗೆ ಗಂಜಿ ಕೊಟ್ಟೆ. ಮೇಲೆ ಗುಳಿಗೆ — ದಿನಕ್ಕೊಂದು, ತಪ್ಪಿಸುವಂತಿಲ್ಲ. ಲಿವರಿನ ಕ್ಯಾನ್ಸರ್ ಗಡ್ಡೆ ತೆಗೆಸಿ ಆರು ತಿಂಗಳು. ಟಿಕೋಟಾದ ದ್ರಾಕ್ಷಿ ತೋಟ ಆಳಿಗೆ ಬಿಟ್ಟು ಶಂಕ್ರೆಪ್ಪ ಜೋರಾಪುರ ಪೇಟೆಯ ನನ್ನ ಮನೆಯಲ್ಲೇ ಇದ್ದಾನೆ. ಹೆಪಟೈಟಿಸ್ ಬಿ ವೈರಸ್ ಹುಟ್ಟಿನಿಂದಲೇ ರಕ್ತದಲ್ಲಿತ್ತಂತೆ. ಐವತ್ತೆಂಟು ವರ್ಷ ಸುಮ್ಮನಿದ್ದು ಗಡ್ಡೆ ಕಟ್ಟಿತು. ಗುಳಿಗೆ ಅದಕ್ಕೇ.

"ಯಕ್ಕಾ, ನನ್ನ ಹೊಟ್ಟಿ ಔಷಧದ ಅಂಗಡಿ ಆಗೇತಿ ಬೇ."

"ಬಾಯಿ ಮುಚ್ಕೊಂಡು ನುಂಗಲೇ."

3 ಫೆಬ್ರುವರಿ
ರಕ್ತದ ವರದಿ ಬಂತು. ನಮ್ಮ ಮನೆತನದ ಕಾಗದಗಳನ್ನೆಲ್ಲ ಓದುವವಳು ನಾನು. ಶಾಲೆ ಕಂಡವಳಲ್ಲ. ಮಕ್ಕಳ ಪಾಟಿ ನೋಡಿ ಕನ್ನಡ ಕಲಿತೆ, ಅಂಗಡಿ ಬೋರ್ಡು ನೋಡಿ ಇಂಗ್ಲಿಷ್. ಈ ಲಕ್ಕವ್ವ ಓದಿ ಹೇಳಿದಳೆಂದರೆ ಮುಗಿಯಿತು, ಮನೆಯಲ್ಲಿ ಯಾರೂ ಮತ್ತೊಬ್ಬರನ್ನು ಕೇಳುವುದಿಲ್ಲ.

ಬೆರಳಿಟ್ಟು ಓದಿದೆ. ವೈರಸ್... ನಾಟ್ ಡಿಟೆಕ್ಟೆಡ್.

"ಹಂಗಂದ್ರ?"

"ಸಿಕ್ಕಿಲ್ಲ ಅಂತ. ಹೋತು ನೋಡಪಾ!"

"ಹಂಗಾರ ಗುಳಿಗಿ?"

"ಜಡ್ಡ ಇಲ್ಲ, ಯಾವುದಕ್ಕಂತ ನುಂಗ್ತಿ? ಬಿಡು."

ಓಣಿಗೆಲ್ಲ ಪೇಢೆ ಹಂಚಿದೆ. ಬಬಲೇಶ್ವರದಲ್ಲಿ ಟೀಚರ್ ಆಗಿರುವ ಅವನ ಮಗಳು ಶೈಲಶ್ರೀಗೆ ಪತ್ರ ಬರೆದೆ — ನಿಮ್ಮಪ್ಪ ಗೆದ್ದ. ಗುಳಿಗೆಯ ಮಾತು ಬರೆಯಲಿಲ್ಲ. ಬರೆಯುವಂಥದ್ದು ಅನ್ನಿಸಲಿಲ್ಲ.

9 ಮಾರ್ಚ್
ಟಿಕೋಟಾಕ್ಕೆ ಹೋಗಿ ಬಂದೆ. ಶಂಕ್ರೆಪ್ಪ ಮತ್ತೆ ತೋಟ ಸೇರಿ ತಿಂಗಳಾಯಿತು. ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಂತು ಆಳುಗಳ ಜೊತೆ ಜಗಳಾಡುತ್ತಿದ್ದ. ಮೈ ತುಂಬಿಕೊಂಡಿದ್ದಾನೆ.

19 ಮೇ
ತಮ್ಮನ ಕಣ್ಣು ಅರಿಷಿಣ. ಉಗುರೂ.

20 ಮೇ
ಸೊಲ್ಲಾಪುರ ರಸ್ತೆಯ ಡಾಕ್ಟರು. ಶೈಲಶ್ರೀಯೂ ಬಂದಿದ್ದಳು. ರಕ್ತ ನೋಡಿ ಅವರು ಕೇಳಿದ್ದು ಒಂದೇ.

"ಗುಳಿಗಿ ಬಿಟ್ಟೀರೇನು? ಯಾರು ಹೇಳಿದ್ರು?"

ತಮ್ಮ ನನ್ನ ಕಡೆ ನೋಡಲೇ ಇಲ್ಲ.

"ಯಾರೂ ಇಲ್ರಿ. ಬ್ಯಾಸರಾತು, ನಾನ ಬಿಟ್ಟೆ."

"ಯಪ್ಪಾ, ಸಣ್ಣ ಕೂಸೇನು ನೀ?" ಶೈಲಶ್ರೀ ಚೀರಿದಳು.

ನಾನು ಮೆಲ್ಲಗೆ ಕೇಳಿದೆ: "ವರದ್ಯಾಗ ವೈರಸ್ ಇಲ್ಲಂತ ಇತ್ತಲ್ರಿ?"

"ಗುಳಿಗಿ ಅದನ್ನ ಒತ್ತಿ ಹಿಡಿದಿತ್ರಿ ಯವ್ವಾ, ಅದಕ್ಕ ಕಂಡಿಲ್ಲ. ಗುಳಿಗಿ ಬಿಟ್ರಿ, ಅದು ಎದ್ದೈತಿ. ಉಳಿದ ಲಿವರ್ ಹಾಳಾಗಾಕತ್ತೈತಿ."

ಮುಂದಿನದು ಅರ್ಧವೇ ಕೇಳಿಸಿತು. ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಹೊಸ ಗಡ್ಡೆ. ಗುಳಿಗೆ ನುಂಗಿದ್ದರೂ ಬರಬಹುದಿತ್ತಂತೆ. ಆದರೆ ವೈರಸ್ ಎದ್ದರೆ ಅಪಾಯ ಹೆಚ್ಚಂತೆ... ಆ 'ಆದರೆ' ನನ್ನದು.

24 ಮೇ
ಅಡ್ಮಿಟ್. ಹೊಟ್ಟೆಯಲ್ಲಿ ನೀರು. ಗುಳಿಗೆ ಮತ್ತೆ ಶುರು. ಲಿವರ್ ಚೇತರಿಸಿಕೊಂಡರೆ ಮಾತ್ರ ಗಡ್ಡೆಗೆ ಮದ್ದು.

ಶೈಲಶ್ರೀ ಚಹಾ ತರಲು ಹೋದಾಗ ನನ್ನ ಕೈ ಹಿಡಿದ. "ಯಕ್ಕಾ, ಹುಡುಗಿಗೆ ಹೇಳಬ್ಯಾಡ. ತಾಯಿಲ್ಲದಾಕಿ. ನಾ ಹೋದ್ರ ಆಕಿಗೆ ನೀನ ದಿಕ್ಕು. ನಿನ್ನ ಮ್ಯಾಲ ಸಿಟ್ಟಾದ್ರ ಎಲ್ಲಿಗೆ ಹೋಗ್ತಾಳ?"

"ಹೋಗೂ ಮಾತಾಡಿದ್ರ ಕಪಾಳಕ್ಕ ಹೊಡೀತೀನಿ."

ನಕ್ಕ. ಹಲ್ಲೂ ಹಳದಿ ಕಂಡವು.

26 ಮೇ, ಮಧ್ಯಾಹ್ನ
ಶೈಲಶ್ರೀ ಇವತ್ತೂ ಅಪ್ಪನನ್ನು ಬೈದಳು. "ನಿನ್ನ ಕೈಯಾರ ನೀನ ಮಾಡ್ಕೊಂಡಿ. ನನ್ನ ವಿಚಾರ ಬರಲಿಲ್ಲೇನು ನಿನಗ?" ಅವನು ಗೋಡೆಯ ಕಡೆ ತಿರುಗಿದ. ಕಣ್ಣು ಒರೆಸಿಕೊಳ್ಳಲು ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಪಕ್ಕದಲ್ಲೇ ಮೋಸಂಬಿ ಸುಲಿಯುತ್ತಾ ಕೂತಿದ್ದೆ.

ಇಷ್ಟು ಜನಕ್ಕೆ ಪತ್ರ ಬರೆದಿದ್ದೇನೆ. ಇದನ್ನು ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಅವಳ ಕೈಗೆ.

ಶೈಲಾ, ನನ್ನ ಕೂಸೇ — ನಿಮ್ಮಪ್ಪ ಸುಳ್ಳು ಹೇಳಿದ. ಅವನಾಗಿ ಬಿಟ್ಟದ್ದಲ್ಲ. ಬಿಡು ಅಂದದ್ದು...