ಹೆಗಲ ಮೇಲಿನ ಏಣಿ

ಅತ್ತಿಗೆ,

ನಾನು ಕ್ಷೇಮ, ಚಿಂತೆಯೆಲ್ಲ ಅಣ್ಣನ ಬಗ್ಗೆಯೇ. ಬೀದಿದೀಪ ಹಚ್ಚುತ್ತಿದ್ದ ಮುತ್ತಜ್ಜನ ಹೆಸರಿನ ಮುಂದೆ ವಂಶಾವಳಿಯಲ್ಲಿ ‘ಏಣಿಯಿಂದ ಬಿದ್ದು ಮರಣ’ ಎಂದಿದೆಯಲ್ಲ, ಅದಕ್ಕೇ ತಾನೆ ನಮ್ಮ ಮನೆಯ ಗಂಡಸರಿಗೆ ಏಣಿ ಕೂಡದು, ಬಲ್ಬು ಬದಲಿಸಲೂ ನೀವೇ ಸ್ಟೂಲು ಹತ್ತುವುದು? ಇವತ್ತು ಮುತ್ತಜ್ಜನ ಊರಿನ ಪುರಸಭೆ ಕಚೇರಿಯಲ್ಲಿ ೧೮೮೮ರ ದೀಪದವರ ಹಾಜರಿ ಪುಸ್ತಕ ಸಿಕ್ಕಿತು. ಗುಮಾಸ್ತರು ಓದಿ ಹೇಳಿದರು: “ಏಣಿ ಇನ್ನೂ ಹೆಗಲ ಮೇಲೇ ಇತ್ತಂತಮ್ಮ. ಎದೆ ಹಿಡ್ಕೊಂಡು ಕುಸಿದುಬಿಟ್ರಂತೆ, ನಲವತ್ನಾಲ್ಕು ವರ್ಷಕ್ಕೇ.” ಅಪ್ಪ ಮೆಟ್ಟಿಲಿಂದ ಬಿದ್ದಾಗ ನಲವತ್ತಾರು. ಬಿದ್ದು ಸತ್ತರೋ, ಸತ್ತು ಬಿದ್ದರೋ? ಅಣ್ಣನಿಗೀಗ ನಲವತ್ತೈದು. ಅವನಿಗೆ ತಿಳಿಸದೆ, ಏನಾದರೂ ನೆಪ ಹೇಳಿ ಎದೆ ಪರೀಕ್ಷೆ ಮಾಡಿಸಿ. ಅವಸರಕ್ಕೆ ಲಕೋಟೆ ಸಿಗಲಿಲ್ಲ.

ಅಣ್ಣಾ, ಈ ಅಂಚೆ ಕಾರ್ಡ್ ನಿನ್ನ ಕೈಗೇ ಸಿಕ್ಕಿದ್ದರೆ, ಏಣಿ ಬೇಕಾದರೆ ಹತ್ತು, ಮೊದಲು ಡಾಕ್ಟರ ಹತ್ತಿರ ಹೋಗು.

ನಿನ್ನ ತಂಗಿ