ಈರಪ್ಪನ ಮನೆಯ ಎರಡನೆಯ ಹುಡುಗ

ಗುಳೇದಗುಡ್ಡ,
ಫೆಬ್ರುವರಿ ೩೦, ೨೧೯೪

ದಾನಮ್ಮ ಈರಪ್ಪ ಕೆಲೂಡಿ ಅವರಿಗೆ, ಹೆಳವರ ನಿಂಬೆವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಇನ್ನು ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದು ಹಿಂದಂಚೆಯಲ್ಲಿ, ಅಂದರೆ ಕಾಲದ ಹಿಂದಕ್ಕೆ ಹೋಗುವ ಅಂಚೆಯಲ್ಲಿ, ನಿಮ್ಮ ೨೦೨೬ಕ್ಕೆ ಬಂದು ಮುಟ್ಟುತ್ತದೆ. ಉತ್ತರ ಬರೆಯುವ ದಾರಿಯಿಲ್ಲ. ನನಗೆ ಐವತ್ತೆಂಟು, ನಿಮಗೆ ಇನ್ನೂ ಮೂವತ್ತಮೂರು. ಆದರೂ ತಲೆಮಾರಿನಲ್ಲಿ ನೀವು ಹಿರಿಯರು, ಅವ್ವ ಎಂದೇ ಕರೆಯುತ್ತೇನೆ.

ಹೆಳವರೆಂದರೆ ನಿಮಗೆ ಗೊತ್ತು. ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ, ಮೊರದ ತುಂಬ ಜೋಳ ತೆಗೆದುಕೊಂಡು ಹೋಗುವವರು. ನಾನೂ ಎತ್ತಿನ ಮೇಲೆಯೇ ಹೋಗುತ್ತೇನೆ. ಎತ್ತು ಕಬ್ಬಿಣದ್ದು, ಬಿಸಿಲು ಮೇಯುತ್ತದೆ. ನಿಮ್ಮ ಊರಿನಲ್ಲಿ ಕುಪ್ಪಸದ ಖಣ ನೇಯುವುದು ಇನ್ನೂ ನಿಂತಿಲ್ಲ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಮಗ್ಗ ನಿಲ್ಲಿಸಿ, ಓಣಿಯವರೆಲ್ಲ ಗುಡ್ಡದ ಬಂಡೆ ಕೊರೆದು ಮಾಡಿದ ತಂಪುಮನೆಗೆ ಹೋಗಿ ಕೂಡುತ್ತಾರೆ. ಅಲ್ಲೇ ಊಟ, ಅಲ್ಲೇ ಹರಟೆ, ಅಲ್ಲೇ ಗೊರಕೆ.

ಅಲ್ಲೇ ಗುರುಪಾದ, ಮಹಾನಂದಾ ಎಂಬ ಇಬ್ಬರು ಒಬ್ಬರಿಗೊಬ್ಬರು ಸೇರಿದರು. ಗುರುಪಾದನಿಗೆ ಅರವತ್ತೊಂದು, ಹೆಂಡತಿ ತೀರಿಕೊಂಡಿದ್ದಳು. ಮಹಾನಂದಾಗೆ ಐವತ್ತೇಳು, ಗಂಡ ಬದುಕಿರಲಿಲ್ಲ. ಅವನು ದಿನಾ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ತರುತ್ತಿದ್ದ, ಅವಳು ಉಪ್ಪು ಹೆಚ್ಚಾಯಿತೆಂದು ಬಯ್ಯುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದಳು. ಎರಡೂ ಮನೆಯ ಮಕ್ಕಳೇ ಮುಂದೆ ನಿಂತು ಮದುವೆ ಗೊತ್ತು ಮಾಡಿದರು.

ಊರಿನಲ್ಲಿ ಕೆಲೂಡಿ ಅಡ್ಡಹೆಸರಿನವರು ಬಹಳ, ಇಬ್ಬರದೂ ಅದೇ ಎಂಬುದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಆಗ ಕೂಡುಕಡತ ಅಡ್ಡ ಬಂತು. ನಾಡಿನ ಹಳೆಯ ಕಾಗದಗಳನ್ನೆಲ್ಲ ಓದಿ, ಯಾರು ಯಾರಿಗೆ ಏನಾಗಬೇಕೆಂದು ಹೇಳುವ ಯಂತ್ರ ಅದು. ಗುರುಪಾದ ನಿಮ್ಮ ಮಗ ಸಂಗಮೇಶನ ವಂಶದವನು. ಮಹಾನಂದಾ ನಿಮ್ಮ ಮನೆಯಲ್ಲಿ ಬೆಳೆಯುತ್ತಿರುವ ಇನ್ನೊಬ್ಬ ಹುಡುಗ ಶ್ರೀಶೈಲನ ವಂಶದವಳು. ೨೦೨೩ರ ಶಾಲೆಯ ದಾಖಲೆಯಲ್ಲಿ ಇಬ್ಬರ ತಂದೆಯೂ ಈರಪ್ಪ, ಮನೆಯೂ ಒಂದೇ. ಅಂದರೆ ಅಣ್ಣತಮ್ಮಂದಿರು, ಒಂದೇ ಬೆಡಗು, ಒಂದೇ ಕುಲದ ಕವಲು. ಒಂದೇ ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವುದನ್ನು ನಮ್ಮವರು ಇಂದಿಗೂ ಒಪ್ಪುವುದಿಲ್ಲ. ಮಹಾನಂದಾಳ ಅಕ್ಕ ತಾರಾಬಾಯಿ, ತಾಯಿಯ ಜಾಗದಲ್ಲಿ ನಿಂತವಳು, ಅಕ್ಷತೆ ಹಾಕುವುದಿಲ್ಲವೆಂದು ಕುಳಿತಳು. ಮಹಾನಂದಾ ತಂಪುಮನೆಗೆ ಬರುವುದನ್ನೇ ಬಿಟ್ಟಳು.

ನನ್ನನ್ನು ಕರೆಸಿದರು. ನಮ್ಮ ಮನೆಯವರು ತಲೆಮಾರುಗಳಿಂದ ಬಾಯಿಪಾಠ ಮಾಡಿಕೊಂಡು ಬಂದ ಪದದಲ್ಲಿ ಈರಪ್ಪನಿಗೆ ಒಬ್ಬನೇ ಮಗ. ಅದನ್ನು ಹಾಡಿ ತೋರಿಸಿದೆ. ತಾರಾಬಾಯಿ ಎಲೆ ಅಡಿಕೆ ಮಡಚುತ್ತ ಕೇಳಿದಳು:

"ಪದಾ ಹಾಡಿದ್ರ ಸಾಕ್ಷಿ ಆಗ್ತೈತೇನವಾ? ಪದದಾಗ ಚಂದ್ರಗೂ ಮಾಮಾ ಅಂತಾರ."

ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಮಾತು ನಾಟಿತು. ಅದೇ ದಾಖಲೆಯಲ್ಲಿದ್ದ ಹುಟ್ಟಿದ ತಾರೀಖು ತೆಗೆದೆ. ಸಂಗಮೇಶ ಮಾರ್ಚ್ ೧೪, ೨೦೧೭. ಶ್ರೀಶೈಲ ಅದೇ ವರ್ಷದ ಆಗಸ್ಟ್ ೨. ಐದು ತಿಂಗಳೂ ಅಂತರವಿಲ್ಲ, ಒಬ್ಬಳೇ ತಾಯಿಗೆ ಹೇಗೆ ಸಾಧ್ಯ ಎಂದೆ. ಈರಪ್ಪನಿಗೆ ಇಬ್ಬರು ಹೆಂಡಿರು ಇದ್ದಿರಬಹುದಲ್ಲ ಎಂದಳು ತಾರಾಬಾಯಿ. ಅವ್ವಾ, ನಿಮ್ಮ ಯಜಮಾನರ ಮೇಲೆ ಇಂಥ ಮಾತು ಬಂದದ್ದಕ್ಕೆ ನಾನೇ ಕ್ಷಮೆ ಕೇಳುತ್ತೇನೆ.

ಮನೆಗೆ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಪದವೇ ತಪ್ಪಿರಬಹುದೇ? ನನ್ನ ಅಜ್ಜಿಗೆ ಮರೆವಿತ್ತು, ಒಂದು ಹೆಸರು ಬಿಟ್ಟುಹೋಗಿದ್ದರೂ ಆಶ್ಚರ್ಯವಿಲ್ಲ. ನಮ್ಮ ಮನೆಯ ಮಾತೆಂದು ಅದನ್ನು ಎತ್ತಿ ಹಿಡಿಯುವುದು ನ್ಯಾಯವಲ್ಲವೆಂದು ಅದನ್ನೂ ಬದಿಗಿಟ್ಟೆ. ಮೂರನೆಯ ದಿನ ಮಗಳು ಚೊಚ್ಚಲ ಬಾಣಂತನಕ್ಕೆಂದು ಗಂಟು ಹೊತ್ತು ಬಾಗಿಲಲ್ಲಿ ನಿಂತಳು. ಅವಳ ಕೈಯ ಗಂಟು ಇಸಿದುಕೊಳ್ಳುವಾಗಲೇ ಹೊಳೆಯಿತು. ಒಂದು ಮನೆಯಲ್ಲಿ ಹುಟ್ಟಿದ ಕೂಸು ಆ ಮನೆಯ ಗಂಡಸಿನದೇ ಆಗಬೇಕಿಲ್ಲ, ಆ ಮನೆಯ ಮಗಳದೂ ಆಗಬಹುದು. ನಾನೂ ಯಂತ್ರವೂ ಅಪ್ಪಂದಿರ ಹೆಸರು ಹಿಡಿದೇ ಹುಡುಕುತ್ತಿದ್ದೆವು.

ತಾಯಂದಿರ ಹೆಸರು ಹಿಡಿದು ಹುಡುಕಿದೆ. ಊರ ದವಾಖಾನೆಯ ಒಂದು ತಾಯಿ ಕಾರ್ಡು ಸಿಕ್ಕಿತು. ಬಾಣಂತಿ ಗೌರವ್ವ, ಗಂಡ ಮಹಾಂತೇಶ, ಆಗಸ್ಟ್ ೨ರಂದು ಗಂಡು ಮಗು, ವಿಳಾಸ ನಿಮ್ಮದೇ ಮನೆ. ಒಂದು ಕಾಗದ ಸಾಲದೆಂದು ಇನ್ನೂ ಹಿಂದಕ್ಕೆ ಹೋದೆ. ನಿಮ್ಮ ಮಾವನವರ ರೇಷನ್ ಕಾರ್ಡಿನಲ್ಲಿ ಈರಪ್ಪನ ಹೆಸರಿನ ಕೆಳಗೇ ತಂಗಿ ಗೌರವ್ವ ಇದ್ದಳು. ಕೊನೆಗೆ ಶಾಲೆಗೆ ಸೇರಿಸಿದ ಅರ್ಜಿಯನ್ನೇ ತರಿಸಿದೆ. ತಂದೆಯ ಹೆಸರಿನ ಜಾಗದಲ್ಲಿ ಮೊದಲು 'ಮಹಾಂ' ಎಂದು ಬರೆದು, ಹೊಡೆದುಹಾಕಿ, 'ಈರಪ್ಪ' ಎಂದು ಬರೆದಿತ್ತು. ಕೆಳಗೆ ನಿಮ್ಮ ಸಹಿ.

ಉಳಿದದ್ದು ನನ್ನ ಊಹೆ, ತಪ್ಪಿದ್ದರೆ ಮನ್ನಿಸಿ. ನಿಮ್ಮ ನಾದಿನಿ ಮತ್ತು ಆಕೆಯ ಗಂಡ ದುಡಿಯಲು ದೂರ ಹೋಗಿದ್ದರು. ಹುಡುಗ ನಿಮ್ಮಲ್ಲಿದ್ದ. ಅಪ್ಪನ ಕಾಗದಪತ್ರ ಕೇಳಿದರು, ಅವು ಕೈಯಲ್ಲಿರಲಿಲ್ಲ. ಒಂದು ವರ್ಷ ಹಾಳಾಗಬಾರದೆಂದು ನೀವು ನಿಮ್ಮ ಗಂಡನ ಹೆಸರು ಕೊಟ್ಟಿರಿ.

ಮೂರೂ ಕಾಗದಗಳನ್ನು ತಾರಾಬಾಯಿಯ ಮುಂದೆ ಇಟ್ಟೆ. ಆಕೆ ಕನ್ನಡಕ ಏರಿಸಿ, ಎರಡೆರಡು ಸಲ ಓದಿದಳು. ಆಮೇಲೆ ನಿಧಾನವಾಗಿ ಹೇಳಿದಳು:

"ಹಂಗಾರ ಇವರದು ಅಣ್ಣತಮ್ಮರ ಮನಿ ಅಲ್ಲ. ಅಣ್ಣಂದೊಂದು, ತಂಗೀದೊಂದು; ಸ್ವಾದರಮಾವನ ಮನಿ, ಸ್ವಾದರತ್ತಿ ಮನಿ. ಹೆಣ್ಣು ಕೊಡಾಕ ಇದಕ್ಕಿಂತ ಹತ್ತಿರದ ಮನಿ ಎಲ್ಲೈತಿ?"

ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ದಿನ ತಂಗಿಯ ಕಣ್ಣಲ್ಲಿ ನೀರು ಹಾಕಿಸಿದ ತಪ್ಪಿಗೆಂದು ಮದುವೆಯ ಹೋಳಿಗೆಯನ್ನು ತಾನೇ ಮಾಡುವುದಾಗಿ ಹಟ ಹಿಡಿದಳು. ಮೊನ್ನೆ ಮದುವೆಯಾಯಿತು. ಹೋಳಿಗೆ ಸ್ವಲ್ಪ ಸೀದಿತ್ತು, ಯಾರೂ ಬಾಯಿಬಿಡಲಿಲ್ಲ. ಗುರುಪಾದ ಐದು ತಿಂದ.

ಮದುವೆಗೆ ಮುಂಚೆ ಕಡತದವರು ಮಹಾನಂದಾಗೆ ಒಂದು ಪ್ರಶ್ನೆ ಕೇಳಿದ್ದರು. ತವರಿನ ಅಡ್ಡಹೆಸರು ಕೆಲೂಡಿ ಎಂದಿರುವುದು ತಪ್ಪೆಂದು ಗೊತ್ತಾಗಿದೆ, ಮಹಾಂತೇಶನ ಮನೆತನದ ಹೆಸರಿಗೆ ತಿದ್ದಬೇಕೇ ಎಂದು. ಅವಳು ಯೋಚಿಸಲೂ ಇಲ್ಲ.

"ಬ್ಯಾಡ್ರಿ. ಉಣ್ಣಾಕಿಟ್ಟು ಸಾಲಿ ಕಲಿಸಿದ ಮನಿ ಹೆಸರದು. ಹುಟ್ಟಿಸಿದವನ ಹೆಸರು ಅದರ ಬಾಜೂಕ ಬರೀರಿ, ಅಳಿಸಬ್ಯಾಡ್ರಿ."

ಹಾಗೆಯೇ ಬರೆದರು. ನಾನೂ ನಮ್ಮ ಪದಕ್ಕೆ ಒಂದು ಸಾಲು ಸೇರಿಸಿದ್ದೇನೆ. ಗಂಡಸರ ಹೆಸರೇ ತುಂಬಿದ ಆ ಪದದಲ್ಲಿ ಗೌರವ್ವನ ಹೆಸರೂ ನಿಮ್ಮ ಹೆಸರೂ ಈಗ ಬರುತ್ತವೆ. ಮದುವೆ ಚಪ್ಪರದಲ್ಲಿ ಹಾಡಿದಾಗ ತಾರಾಬಾಯಿ ಇನ್ನೊಮ್ಮೆ ಹೇಳು ಎಂದಳು.

ಅವ್ವಾ, ನೀವು ಬರೆದ ಅರ್ಜಿಯನ್ನು ತಿದ್ದಿ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ನಮ್ಮ ಕೆಲಸ ಮುಗಿದಿದೆ, ಮದುವೆಯೂ ಆಗಿದೆ. ಕೇಳುವುದು ಒಂದೇ. ಶ್ರೀಶೈಲನಿಗೆ ಈಗ ಎಂಟು ವರ್ಷ. ಶಾಲೆಯಲ್ಲಿ ಹಾಜರಿ ಕೂಗುವಾಗಲೆಲ್ಲ ಮಾವನ ಹೆಸರನ್ನೇ ತನ್ನ ಹೆಸರಿನ ಜೊತೆ ಕೇಳಿಸಿಕೊಳ್ಳುತ್ತಾನೆ. ಇಂದು ಅವನಿಗೆ ತಲೆ ಬಾಚುವಾಗ ಮಹಾಂತೇಶ ಯಾರು, ಎಲ್ಲಿದ್ದಾನೆ, ಯಾಕೆ ದೂರ ಹೋದ ಎಂದು ಹೇಳಿ. ನಮಗೆ ತಿಳಿಯಲು ನೂರೆಪ್ಪತ್ತು ವರ್ಷ ಹಿಡಿಯಿತು. ಅವನು ಅಷ್ಟು ಕಾಯುವುದು ಬೇಡ.

ನಿಮ್ಮ ಮನೆತನದ ಹೆಳವಿ,
ನಿಂಬೆವ್ವ